ಹದಿನಾರು ಪಟ್ಟು

ಮಾರ್ಚ್ 3

ಮಗಳೇ,

ಸಂಜೆ ಐದೂವರೆ. ಬೆಳಿಗ್ಗೆ ನಾಲ್ಕು ಚರಂಡಿ ಮುಚ್ಚಳ ಎರಕ ಹೊಯ್ದೆವು. ಮಧ್ಯಾಹ್ನ ಮರಳು ಜರಡಿ ಹಿಡಿದೆವು. ಆಮೇಲೆ ಪಂಪಿನ ಕಂಪನಿಯವರು ಬಂದು ಹೋದರು. ಈ ಕಾಗದ ಬರೆಯಲು ಕಾರಣ ಅವರೇ. ಅವರು ಬರದಿದ್ದರೆ ಏನು ಬರೆಯಬೇಕೆಂದು ತಿಳಿಯದೆ ನಾನು ಇನ್ನೂ ಆರು ತಿಂಗಳು ಕಳೆಯುತ್ತಿದ್ದೆ. ಫೋನು ಹಚ್ಚಿದರೆ ನಮ್ಮಿಬ್ಬರಿಗೂ ಮಾತು ಹೊರಡುವುದಿಲ್ಲ. ಎರಡು ಸಲ ನೋಡಿಯಾಯಿತು.

ಅದೇ ಪಂಪಿನ ಒಡಲು ಇನ್ನೊಂದು ಬೇಕಂತೆ, ಮೇ ತಿಂಗಳ ಕೊನೆಗೆ. "ನಿಮ್ಮ ಕೈಲಿ ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡಿ ಮೇಸ್ತ್ರಿ, ನಾವೇನೂ ಅಂದ್ಕೊಳ್ಳಲ್ಲ" ಅಂದರು. ಆಗುತ್ತೆ ಅಂದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಬರೆದರೆ ಎಲ್ಲಿ ತಪ್ಪಿತೆಂದು ಕಾಣಬಹುದು. ನೀನು ಮರದಲ್ಲಿ ಪ್ಯಾಟರ್ನ್ ಕೆತ್ತುತ್ತೀಯ. ಅದನ್ನು ಮರಳಿನಲ್ಲಿ ಒತ್ತಿ ತೆಗೆಯುತ್ತೇವೆ. ಉಳಿದ ಪೊಳ್ಳಿಗೆ ಕಬ್ಬಿಣ ಹೊಯ್ಯುತ್ತೇವೆ. ಎಷ್ಟು ಕಬ್ಬಿಣ ಕರಗಿಸಬೇಕು? ಪ್ಯಾಟರ್ನ್ ತೂಗು, ಹದಿನಾರರಿಂದ ಗುಣಿಸು, ಅಚ್ಚಿಗೆ ಕಬ್ಬಿಣ ಹರಿಯುವ ಕಾಲುವೆಯಲ್ಲಿ ನಿಲ್ಲುವುದಕ್ಕೆಂದು ಹತ್ತು ಕೆಜಿ ಸೇರಿಸು. ನನ್ನ ಅಪ್ಪ ಹೀಗೇ ಮಾಡಿದರು, ನಾನು ಮೂವತ್ತೆರಡು ವರ್ಷ ಹೀಗೇ ಮಾಡಿದೆ. ಒಂದು ಸಲವೂ ಕಡಿಮೆ ಬಿದ್ದಿರಲಿಲ್ಲ.

ಸೆಪ್ಟೆಂಬರಿನ ಆ ದಿನ ಪ್ಯಾಟರ್ನ್ ಐದು ಕೆಜಿ ನಾನೂರು ಗ್ರಾಂ ತೂಗಿತು. ತೊಂಬತ್ತೇಳು ಕೆಜಿ ಕರಗಿಸಿದೆ. ಅಚ್ಚು ತುಂಬುವ ಮೊದಲೇ ಕಬ್ಬಿಣ ಮುಗಿಯಿತು. ಮೇಲಿನ ತೂತಿನಲ್ಲಿ ಕೆಂಪು ಕಾಣಲಿ ಎಂದು ನಾನು ನೋಡುತ್ತಾ ನಿಂತೆ. ನಿನ್ನ ತಮ್ಮ ನಿಲ್ಲಲಿಲ್ಲ. ಭಟ್ಟಿಯ ತಳದಲ್ಲಿ ಸ್ವಲ್ಪ ಉಳಿದಿತ್ತು, ಅದನ್ನು ಹಿಡಿಯಲು ಗೋಡೆಯಲ್ಲಿದ್ದ ಲ್ಯಾಡಲ್ ಸೌಟು ಕಿತ್ತುಕೊಂಡು ಓಡಿದ. ಆ ದಿನ ಬೇಕಾಗದ ಲ್ಯಾಡಲ್ ಅದು, ಬೆಂಕಿಯ ಪಕ್ಕ ಇಟ್ಟು ತೇವ ಆರಿಸಿರಲಿಲ್ಲ. ತೇವ ಇರುವ ಲ್ಯಾಡಲ್‌ಗೆ ಕಾದ ಕಬ್ಬಿಣ ಬಿದ್ದರೆ ಹೇಗೆ ಸಿಡಿಯುತ್ತದೆಂದು ನಿನಗೆ ಗೊತ್ತು. ಮುಂದಿನದು ಬೇಡ.

ನೀನು ಮರ ಬದಲಾಯಿಸಿದ್ದೆ. ಪ್ರತಿ ಪ್ಯಾಟರ್ನಿನ ಅಡಿಯಲ್ಲಿ ಎಷ್ಟು ಪಟ್ಟು ಎಂದು ಪೆನ್ಸಿಲಿನಲ್ಲಿ ಬರೆಯುವುದು ನಮ್ಮ ಪದ್ಧತಿ. ತೂಗುವಾಗ ತಿರುಗಿಸಿ ನೋಡಿದೆ, ಏನೂ ಇರಲಿಲ್ಲ, ಹದಿನಾರೇ ಎಂದುಕೊಂಡೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಎಲ್ಲರೆದುರು ತಪ್ಪು ನಿನ್ನದೇ ಎಂದು ನಿನ್ನನ್ನು ಅಂದದ್ದು ನೆನಪಿದೆ. ಹಿಂದಿನ ಸಂಜೆ ಹಲ್ಲು ಕೀಳಿಸಿಕೊಂಡು ನಿನ್ನ ಕೆನ್ನೆ ಊದಿತ್ತು. ನೀನು ಏನೂ ಹೇಳಲಿಲ್ಲ.

ಈಗ ಹೇಳು. ಮೇ ತಿಂಗಳಲ್ಲಿ ಎಷ್ಟು ಕರಗಿಸಲಿ?

ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆಯಲು ಅಮ್ಮನೇ ಹೇಳಿದಳು.

ಅಪ್ಪ


ಮಾರ್ಚ್ 14

ಅಪ್ಪ,

ಇಪ್ಪತ್ತರಿಂದ ಗುಣಿಸಿ. ನೂರ ಎಂಟು ಬರುತ್ತದೆ. ಹತ್ತು ಸೇರಿಸಿದರೆ ನೂರ ಹದಿನೆಂಟು.

ಆದರೆ ಆ ಪ್ಯಾಟರ್ನ್ ಬಳಸಬೇಡಿ. ನಕ್ಷೆ ನನ್ನ ಮೇಜಿನ ಎರಡನೇ ಖಾನೆಯಲ್ಲಿದೆ. ಯಾರಿಂದಲಾದರೂ ಹಳೆಯ ಜಾತಿಯ ಮರದಲ್ಲೇ ಹೊಸದು ಮಾಡಿಸಿ, ನಿಮ್ಮ ಹದಿನಾರೇ ನಡೆಯುತ್ತದೆ. ಈಗಿರುವುದನ್ನು ಒಡೆದು ಒಲೆಗೆ ಹಾಕಿ. ಇಟ್ಟುಕೊಂಡು ಏನು ಮಾಡುತ್ತೀರಿ?

ನಾನು ಇಲ್ಲೊಂದು ಕಾಲೇಜಿನ ಪ್ರಯೋಗಾಲಯದಲ್ಲಿದ್ದೇನೆ. ತಕ್ಕಡಿ ಒರೆಸುವುದು, ಗಾಜಿನ ಜಾಡಿ ತೊಳೆಯುವುದು, ಹುಡುಗರು ಬರುವ ಮೊದಲು ಎಲ್ಲ ಜೋಡಿಸುವುದು. ಉಳಿಗಳ ಚೀಲ ಮಂಚದ ಕೆಳಗಿದೆ. ಬಿಚ್ಚಿಲ್ಲ. ಇನ್ನು ಬಿಚ್ಚುವುದೂ ಇಲ್ಲ.

ಅಮ್ಮ ನಿಜವಾಗಿ ಹೇಗಿದ್ದಾಳೆ?

ಮಗಳು


ಮಾರ್ಚ್ 22

ಮಗಳೇ,

ಮಧ್ಯಾಹ್ನ ಎರಡು. ಎಲ್ಲರೂ ಊಟಕ್ಕೆ ಹೋಗಿದ್ದಾರೆ. ನಾನು ಹೋಗಿಲ್ಲ. ಬೆಳಿಗ್ಗೆಯಿಂದ ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತಿದೆ. ಗೊಣಗಪ್ಪ, ಅದೇ ನಮ್ಮ ಅಚ್ಚು ಕಟ್ಟುವವನು, "ಮೇಸ್ತ್ರಿ, ನೀವು ಹಿಂಗೆ ಓಡಾಡ್ತಿದ್ರೆ ನೆಲಕ್ಕೆ ಬೇರೆ ಗಾರೆ ಹಾಕಿಸ್ಬೇಕಾಗತ್ತೆ" ಅಂದ. ನಗು ಬರಲಿಲ್ಲ, ಆದರೆ ಕೂತೆ.

ಇಪ್ಪತ್ತು ಅಂದೆ. ಸರಿ. ಹದಿನಾರನ್ನೂ ಹೀಗೇ ನಂಬಿದ್ದೆ. ನನ್ನ ಅಪ್ಪ ಹೇಳಿದರು, ನಂಬಿದೆ. ಈಗ ಮಗಳು ಹೇಳುತ್ತಾಳೆಂದು ಇನ್ನೊಂದನ್ನು ನಂಬಲಾರೆ. ಯಾಕೆ ಇಪ್ಪತ್ತು ಎಂದು ತಿಳಿಯದೆ ಭಟ್ಟಿ ಹಚ್ಚುವುದಿಲ್ಲ. ಮರ ಯಾವುದಾದರೂ ನಕ್ಷೆ ಒಂದೇ, ಅಳತೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕ್ಯಾಲಿಪರ್ ಹಿಡಿದು ಮೂರು ಸಲ ನೋಡಿದೆ. ಹಗುರವಾದ ಪ್ಯಾಟರ್ನಿಗೆ ಕಬ್ಬಿಣವೂ ಹಗುರವೇ ಬೇಕಲ್ಲವೇ ಎಂದು ನನ್ನ ತಲೆ ಹೇಳುತ್ತದೆ. ಏಳನೇ ತರಗತಿಗೆ ನಿಂತ ತಲೆ.

ಇನ್ನೊಂದು ಮಾತು. ಇಪ್ಪತ್ತು ಎಂದು ಇಷ್ಟು ಥಟ್ಟನೆ ಗೊತ್ತಿದ್ದವಳು ಆಗ ಯಾಕೆ ಬರೆಯಲಿಲ್ಲ?

ಎದ್ದು ಹೋಗಿದ್ದೆ. ಮರಳಿಗೆ ನೀರು ಚಿಮುಕಿಸಿ ಬಂದೆ. ಇನ್ನೊಂದು ಕೇಳಬೇಕು, ಕೇಳಬಾರದೋ ಏನೋ. ಆ ದಿನ ಗಾಡಿಯವರೆಗೆ ನಿನ್ನ ತಮ್ಮನನ್ನು ಎತ್ತಿಕೊಂಡು ಹೋದವನು ನಾನೊಬ್ಬನೇ. ಇಪ್ಪತ್ತನಾಲ್ಕು ವರ್ಷದ ಗಂಡಸು. ಭಾರವೇ ಅನ್ನಿಸಲಿಲ್ಲ. ಮೂರನೆಯ ದಿನ ಸ್ಮಶಾನಕ್ಕೆ ನಾಲ್ಕು ಜನ ಹೊತ್ತೆವು, ಭುಜ ಬಗ್ಗಿಹೋಯಿತು. ಅಷ್ಟರಲ್ಲಿ ಅವನೇನು ಹೆಚ್ಚಾಗಿದ್ದನೇ? ನಿಮ್ಮ ಕಾಲೇಜಿನಲ್ಲಿ ಇದಕ್ಕೆ ಏನಾದರೂ ಹೇಳುತ್ತಾರಾ?

ಅಮ್ಮ ನಿಜವಾಗಿ ಹೇಗಿದ್ದಾಳೆಂದು ನನಗೂ ಗೊತ್ತಿಲ್ಲ. ಅವನ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಾಳೆ. ಗುಂಡಿ ಇರುವ ಅಂಗಿಗಳಿಗೂ.

ಅಪ್ಪ


ಏಪ್ರಿಲ್ 6

ಅಪ್ಪ,

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ಎರಡು ಸಲ ಬರೆದು ಹರಿದೆ.

ಯಾಕೆ ಇಪ್ಪತ್ತು ಎಂದು ಹೇಳುತ್ತೇನೆ. ಇಲ್ಲಿ ಮೇಡಂ ಹುಡುಗರಿಗೆ ಹೇಳುವುದನ್ನು ನಮ್ಮ ಶೆಡ್ಡಿನ ಮಾತಿನಲ್ಲಿ ಬರೆಯುತ್ತೇನೆ.

ಗಾತ್ರ ಅಂದರೆ ಒಂದು ವಸ್ತು ಹಿಡಿಯುವ ಜಾಗ. ಮರಳಿಗೆ ಗೊತ್ತಿರುವುದು ಅದೊಂದೇ. ಒತ್ತಿದ್ದು ಯಾವ ಮರ ಎಂದು ಮರಳು ಕೇಳುವುದಿಲ್ಲ. ನೀವು ಅಷ್ಟೇ ಗಾತ್ರದ ಹತ್ತಿಯ ಮೂಟೆ ಒತ್ತಿದರೂ ಪೊಳ್ಳು ಅಷ್ಟೇ, ಕಬ್ಬಿಣ ಅಷ್ಟೇ.

ದ್ರವ್ಯರಾಶಿ ಅಂದರೆ ಆ ಜಾಗದೊಳಗೆ ಎಷ್ಟು ಸರಕು ಇದೆ ಅನ್ನುವುದು. ಇಷ್ಟು ಜಾಗದಲ್ಲಿ ಎಷ್ಟು ಇಕ್ಕಟ್ಟಾಗಿ ತುಂಬಿದೆ ಅನ್ನುವುದು ಸಾಂದ್ರತೆ. ನಮ್ಮ ಹಳೆಯ ಮರ ಒಂದು ಲೀಟರ್ ಜಾಗದಲ್ಲಿ ನಾನೂರ ಐವತ್ತು ಗ್ರಾಂ. ಕಬ್ಬಿಣ ಅದೇ ಒಂದು ಲೀಟರಿನಲ್ಲಿ ಏಳು ಕೆಜಿ ಇನ್ನೂರು. ಭಾಗಿಸಿ ನೋಡಿ, ಹದಿನಾರು. ತಾತನ ಹದಿನಾರು ಬಂದದ್ದು ಅಲ್ಲಿಂದ. ಅದು ಕಬ್ಬಿಣದ ಲೆಕ್ಕ ಮಾತ್ರ ಅಲ್ಲ, ಆ ಒಂದು ಮರದ ಲೆಕ್ಕವೂ ಹೌದು. ಈ ಮರ ಲೀಟರಿಗೆ ಮುನ್ನೂರ ಅರವತ್ತು. ಅದಕ್ಕೇ ಇಪ್ಪತ್ತು. ಮರ ಹಗುರಾದಷ್ಟೂ ಪಟ್ಟು ಏರಬೇಕು.

ತೂಕ ಬೇರೆ. ಸರಕನ್ನು ಭೂಮಿ ಎಷ್ಟು ಎಳೆಯುತ್ತದೆ ಅನ್ನುವುದು ತೂಕ. ಇಲ್ಲಿ ಸ್ಪ್ರಿಂಗಿನ ಕಾಟಾ ಒಂದಿದೆ. ಅದನ್ನು ಚಂದ್ರನಿಗೆ ಒಯ್ದರೆ ಆರರಲ್ಲಿ ಒಂದು ಪಾಲು ತೋರಿಸುತ್ತದಂತೆ. ಸರಕು ಒಂದು ಚೂರೂ ಕಡಿಮೆಯಾಗಿರುವುದಿಲ್ಲ.

ನಂಬಿಕೆ ಬಾರದಿದ್ದರೆ ಪೀಪಾಯಿಗೆ ಅಂಚಿನವರೆಗೆ ನೀರು ತುಂಬಿ, ಮರದ ತುಂಡೊಂದನ್ನು ಪೂರ್ತಿ ಮುಳುಗಿಸಿ. ಹೊರಗೆ ಚೆಲ್ಲುವ ನೀರೇ ಅದರ ಗಾತ್ರ. ಯಾವ ತುಂಡಾದರೂ ಆದೀತು. ಆ ಪ್ಯಾಟರ್ನ್ ಬೇಡ. ನೀರಿಗೆ ಬಣ್ಣ ಕೆಡುತ್ತದೆ.

ನೀವು ಕೇಳಿದ ಇನ್ನೆರಡು ಪ್ರಶ್ನೆಗಳಲ್ಲಿ ತಮ್ಮನ ಭಾರದ್ದನ್ನು ಇಲ್ಲಿ ಯಾರೂ ಕಲಿಸುವುದಿಲ್ಲ. ಮೇಡಂ ಹತ್ತಿರ ಕೇಳಲು ಬಾಯಿ ಬರಲಿಲ್ಲ. ಆಗ ಯಾಕೆ ಬರೆಯಲಿಲ್ಲ ಎಂಬುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಎಂದು ಇಟ್ಟುಕೊಳ್ಳಿ.

ಮಗಳು


ಏಪ್ರಿಲ್ 17

ಮಗಳೇ,

ಸಂಜೆ ನಾಲ್ಕು. ಇವತ್ತು ಎರಕ ಇರಲಿಲ್ಲ. ಇಡೀ ದಿನ ನೀರಿನಲ್ಲಿ ಕಳೆದೆ.

ನೀನು ಬೇಡ ಅಂದದ್ದನ್ನೇ ಮಾಡಿದೆ. ಬೇರೆ ತುಂಡಿನ ಗಾತ್ರ ತಿಳಿದು ನನಗೇನು? ಹೊಯ್ಯಬೇಕಾದದ್ದು ಇದು. ನೀಲಿ ಪೀಪಾಯಿಯನ್ನು ಅಗಲದ ತಟ್ಟೆಯೊಳಗೆ ನಿಲ್ಲಿಸಿ, ಅಂಚಿಗೆ ಸಮವಾಗಿ ನೀರು ತುಂಬಿದೆ. ಪ್ಯಾಟರ್ನ್ ಮೆಲ್ಲಗೆ ಬಿಟ್ಟೆ. ಗೊಣಗಪ್ಪ ಬಾಗಿಲಲ್ಲಿ ನಿಂತಿದ್ದ.

"ಏನ್ ಮೇಸ್ತ್ರಿ, ಪಂಪಿಗೆ ಹುಟ್ಟೋಕ್ ಮುಂಚೇನೇ ಸ್ನಾನನಾ?"

"ಬಾಯ್ ಮುಚ್ಕೊಂಡು ಆ ಲೀಟರ್ ಡಬ್ಬ ತಗೊಂಬಾ."

"ತಂದೆ. ಸೋಪೂ ತರ್ಲಾ?"

ಪ್ಯಾಟರ್ನ್ ತೇಲಿತು. ತಟ್ಟೆಗೆ ಚೆಲ್ಲಿದ್ದನ್ನು ಅಳೆದರೆ ಐದು ಲೀಟರಿನ ಮೇಲೆ ಅರ್ಧಕ್ಕೂ ಸ್ವಲ್ಪ ಕಡಿಮೆ. ಕಾಟಾದಲ್ಲಿ ಕಂಡ ಅದೇ ಐದು ನಾನೂರು! ತನ್ನ ತೂಕದಷ್ಟೇ ನೀರನ್ನು ಹೊರಗೆ ತಳ್ಳಿ ಸುಮ್ಮನೆ ಕೂತಿತ್ತು. ಆಮೇಲೆ ಎರಡು ಸರಳು ಹಿಡಿದು ಪೂರ್ತಿ ಒಳಗೆ ಒತ್ತಿದೆವು. ಅದು ಒಪ್ಪಲಿಲ್ಲ, ಕೈಯನ್ನು ಮೇಲಕ್ಕೆ ನೂಕುತ್ತಿತ್ತು. ಎಲ್ಲ ಸೇರಿ ಚೆಲ್ಲಿದ್ದು ಹದಿನೈದು ಲೀಟರ್.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುಣಿಸಿದೆ. ಹದಿನೈದು ಲೀಟರ್ ಜಾಗ, ಲೀಟರಿಗೆ ಏಳು ಇನ್ನೂರು. ನೂರ ಎಂಟು. ನೀನು ಹೇಳಿದ್ದೇ ಬಂತು. ಅವತ್ತು ಅಚ್ಚು ಕೇಳುತ್ತಿದ್ದದ್ದು ಇದನ್ನೇ. ನಾನು ಕೇಳಿಸಿಕೊಂಡದ್ದು ಮರದ ಭಾರವನ್ನು. ಮೂವತ್ತೆರಡು ವರ್ಷ ನಾನು ಅಳೆದದ್ದು ಏನನ್ನು ಎಂದು ನನಗೇ ಗೊತ್ತಿರಲಿಲ್ಲ.

ನೀನು ಹೇಳಿದಂತೆ ಬಣ್ಣ ಕೆಟ್ಟಿದೆ. ಎಲ್ಲ ಕಡೆ ಅಲ್ಲ, ಅಡಿಯಲ್ಲಿ ಅಂಗೈಯಗಲ ಒಂದೇ ಕಡೆ ಗುಳ್ಳೆ ಎದ್ದಿದೆ. ಮಿಕ್ಕ ಕಡೆ ಬಣ್ಣದ ಕೆಳಗೆ ನೀನು ಅರಗು ಹಚ್ಚಿದ್ದೀಯ, ಅಲ್ಲಿ ಹಚ್ಚಿದಂತಿಲ್ಲ. ಮರ ನೀರು ಕುಡಿದಿದೆಯೋ ಏನೋ. ನಾಳೆ ಅಷ್ಟು ಜಾಗ ಕೆರೆದು ನೋಡುತ್ತೇನೆ.

ಅಪ್ಪ


ಮೇ 2

ಮಗಳೇ,

ಸಂಜೆ ಆರು. ಸೆಕೆ. ಇವತ್ತು ಆರು ಮುಚ್ಚಳ ಹೊಯ್ದೆವು, ಒಂದು ಸೀಳಿತು. ಅಮ್ಮನ ಕನ್ನಡಕದ ಕಡ್ಡಿ ಮುರಿದಿತ್ತು, ತಂತಿ ಸುತ್ತಿ ಕೊಟ್ಟೆ. ಶೆಡ್ಡಿನ ಬಾಗಿಲಿಗೆ ಎಣ್ಣೆ ಬಿಟ್ಟೆ, ಈಗ ಕಿರುಗುಟ್ಟುವುದಿಲ್ಲ. ನಲ್ಲಿಯ ವಾಷರ್ ಬದಲಾಯಿಸಿದೆ. ಕೆಲಸ ಬೇಕಾದಷ್ಟಿದೆ.

ಮತ್ತೇನೂ ವಿಶೇಷವಿಲ್ಲ.

ಅಪ್ಪ


ಮೇ 9

ಅಪ್ಪ,

ಬಾಗಿಲು, ನಲ್ಲಿ, ಕನ್ನಡಕ. ಪ್ಯಾಟರ್ನಿನ ಬಗ್ಗೆ ಒಂದಕ್ಷರವೂ ಇಲ್ಲ.

ಕೆರೆದಿರಿ, ಅಲ್ಲವಾ?

ಮಗಳು


ಮೇ 15

ಮಗಳೇ,

ಬೆಳಿಗ್ಗೆ ಏಳು. ಇವತ್ತು ಬಾಗಿಲು ತೆಗೆದವನು ನಾನೇ ಮೊದಲು. ಯಾರೂ ಬರುವ ಮುಂಚೆ ಬರೆದು ಮುಗಿಸಬೇಕು.

ಕೆರೆದೆ. ಏಪ್ರಿಲ್ ಹದಿನೆಂಟರಂದು. ಗುಳ್ಳೆ ಎದ್ದ ಬಣ್ಣ ಉಗುರಿಗೇ ಬಂತು. ಕೆಳಗೆ ನಿನ್ನ ಪೆನ್ಸಿಲಿನ ಬರಹ: "ಹಗುರ ಮರ. 16 ಅಲ್ಲ, 20." ಇಪ್ಪತ್ತರ ಕೆಳಗೆ ಎರಡು ಗೆರೆ ಎಳೆದಿದ್ದೀಯ.

ಆ ಬಣ್ಣ ಬಳಿದವನು ನಾನು. ನೀನು ಹಲ್ಲು ಕೀಳಿಸಲು ಮಧ್ಯಾಹ್ನವೇ ಹೋಗಿದ್ದೆ. ಮರುದಿನವೇ ಎರಕ. ಬೇಗ ಒಣಗಲಿ ಎಂದು ಐದು ಗಂಟೆಗೆ ಕುಂಚ ಹಿಡಿದೆ. ಅಡಿಯಲ್ಲಿ ಅಂಗೈಯಗಲ ಜಾಗ ಬರಿದಾಗಿ ಬಿಡಬೇಕು, ಅಂಕಿ ಓದಿ ಆಮೇಲೆ ತೂಗಬೇಕು. ನನ್ನ ಅಪ್ಪನ ಕಟ್ಟುನಿಟ್ಟು ಅದು. ನಿನಗೆ ಕಲಿಸಿದವನೂ ನಾನೇ. ಆದರೆ ಮೂವತ್ತೆರಡು ವರ್ಷ ಅಲ್ಲಿ ಹದಿನಾರೇ ಇತ್ತು. ಯಾವಾಗಲೂ ಒಂದೇ ಇರುವುದನ್ನು ಕಣ್ಣು ಓದುವುದಿಲ್ಲ. ಕುಂಚ ಅದರ ಮೇಲೆ ಹೋಯಿತು. ಹೋದದ್ದು ನೆನಪೂ ಇಲ್ಲ. ಮರುದಿನ ತಿರುಗಿಸಿ ನೋಡಿ, ಏನೂ ಬರೆದಿಲ್ಲ ಎಂದು ನಿನ್ನನ್ನು ಅಂದೆ.

ಕಂಡಮೇಲೆ ನಾಲ್ಕು ವಾರ ಮುಚ್ಚಿಟ್ಟುಕೊಂಡೆ. ನಲ್ಲಿ ರಿಪೇರಿ ಮಾಡಿದೆ. ನೀನು ಸುಟ್ಟುಹಾಕಿ ಅಂದದ್ದು, ನೀರಿಗೆ ಹಾಕಬೇಡಿ ಅಂದದ್ದು ಯಾಕೆಂದು ಆಗಲೇ ತಿಳಿದಿತ್ತು. ತಿಳಿದೂ ಸುಮ್ಮನಿದ್ದೆ. ನಿನಗೆ ಮೊದಲಿನಿಂದಲೂ ಗೊತ್ತು. ಎಂಟು ತಿಂಗಳು ಗೊತ್ತು.

ನಿನ್ನೆ ಅಮ್ಮನಿಗೆ ಹೇಳಿದೆ. ಸೂಜಿ ಕೆಳಗಿಟ್ಟಳು. "ನಂಗ್ಯಾಕೆ ಹೇಳ್ತೀರಾ? ಅವತ್ತು ಬೈದಿದ್ದು ನನ್ನನ್ನಾ?" ಅಂದಳು. ಇವತ್ತು ಒಂಬತ್ತಕ್ಕೆ ಎಲ್ಲರೂ ಬರುತ್ತಾರೆ. ಎಲ್ಲರೆದುರು ನಿನ್ನನ್ನು ಅಂದೆ, ಎಲ್ಲರೆದುರೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಪ್ಯಾಟರ್ನ್ ಅಡಿ ಮೇಲಾಗಿ ಮೇಜಿನ ಮೇಲಿದೆ.

ತಪ್ಪು ನನ್ನದು. ನೀನು ಕೆತ್ತುವುದನ್ನು ಬಿಡಬೇಡ. ಬಿಡಬೇಕಾದವನು ಯಾರಾದರೂ ಇದ್ದರೆ ನಾನು.

ಅಪ್ಪ


ಮೇ 22

ಅಪ್ಪ,

ಗೊತ್ತಿತ್ತು. ಆಸ್ಪತ್ರೆಯಿಂದ ಶೆಡ್ಡಿಗೆ ನಿಮ್ಮ ಚಪ್ಪಲಿ ತರಲು ಹೋದಾಗ ಪ್ಯಾಟರ್ನ್ ಕಾಲಿಗೆ ತಗುಲಿತು. ಅಡಿಯೆಲ್ಲ ಕಪ್ಪು ಬಣ್ಣ. ಕುಂಚದ ಗೆರೆ ನಿಮ್ಮದೇ, ನೀವು ಎಡದಿಂದ ಎಳೆಯುತ್ತೀರಿ. ವಾಪಸ್ ಬಂದಾಗ ನೀವು ಬರಿಗಾಲಲ್ಲಿ ಬೆಂಚಿನ ತುದಿಗೆ ಕೂತಿದ್ದಿರಿ. ನನ್ನನ್ನು ಅಂದಿರಿ. ಬಾಯಲ್ಲಿ ಹತ್ತಿ ಇತ್ತು. ಹತ್ತಿ ತೆಗೆದ ಮೇಲೂ ಹೇಳಲಿಲ್ಲ. ಹೇಳಿದ್ದರೆ ನೀವು ಆ ಬೆಂಚಿನಿಂದ ಏಳುತ್ತಿರಲಿಲ್ಲ.

ಮನೆಯಲ್ಲೇ ಇದ್ದಿದ್ದರೆ ಯಾವತ್ತಾದರೂ ಜಗಳದಲ್ಲಿ ಬಾಯಿತಪ್ಪಿ ಬಂದುಬಿಡುತ್ತಿತ್ತು. ಅದಕ್ಕೇ ಹೊರಟೆ.

ನನ್ನನ್ನು ದೊಡ್ಡವಳು ಮಾಡಬೇಡಿ. ಬರೀ ಕನಿಕರ ಅಲ್ಲ, ಸಿಟ್ಟೂ ಇತ್ತು. ಒಂದು ದಿನ ಅವರಿಗೇ ತಿಳಿಯಲಿ, ಆಗ ಗೊತ್ತಾಗುತ್ತದೆ ಎಂದು ಇಲ್ಲಿ ತಕ್ಕಡಿ ಒರೆಸುತ್ತಾ ಎಷ್ಟೋ ಸಲ ಅಂದುಕೊಂಡಿದ್ದೇನೆ. ಈಗ ತಿಳಿಯಿತು, ನನಗೇನೂ ಹಗುರವಾಗಲಿಲ್ಲ. ಮತ್ತೆ, ಮರ ಬದಲಾಯಿಸಿದ ಮೇಲೆ ಪೆನ್ಸಿಲಿಗೆ ಬಿಟ್ಟು ಹೊರಟದ್ದು ನಾನು. ಒಂದು ಚೀಟಿ ನಿಮ್ಮ ಕೈಗೆ ಕೊಟ್ಟು ಹೋಗಬಹುದಿತ್ತು. ಹಲ್ಲು ನೋಯುತ್ತಿತ್ತು, ಹೋದೆ. ಅವನೂ ಲ್ಯಾಡಲ್ ಮುಟ್ಟಿ ನೋಡದೆ ಓಡಿದ. ಇದರಲ್ಲಿ ಯಾರದೆಷ್ಟು ಎಂದು ತೂಗುವ ಕಾಟಾ ಈ ಕಾಲೇಜಿನಲ್ಲಂತೂ ಇಲ್ಲ. ನೀವೂ ಹುಡುಕಬೇಡಿ.

ನಿನ್ನೆ ಚೀಲ ಬಿಚ್ಚಿದೆ. ಎರಡು ಉಳಿಗೆ ತುಕ್ಕು ಹಿಡಿದಿದೆ. ಉಜ್ಜಿ ಎಣ್ಣೆ ಹಚ್ಚಿಟ್ಟೆ. ಪರೀಕ್ಷೆ ಮುಗಿದರೆ ಇಲ್ಲಿ ಜೂನ್ ಹತ್ತರಿಂದ ರಜೆ.

ಎರಕ ಯಾವಾಗ? ಅಮ್ಮನಿಗೆ ಹೇಳಿ, ನನ್ನ ಎರಡು ಅಂಗಿಗೆ ನಿಜವಾಗಿಯೂ ಗುಂಡಿ ಇಲ್ಲ.

ಮಗಳು


ಮೇ 29

ಮಗಳೇ,

ಸಂಜೆ ಐದೂವರೆ. ಬೆಳಿಗ್ಗೆ ಅಚ್ಚು ಕಟ್ಟಿದೆವು, ಮಧ್ಯಾಹ್ನ ಒಣಗಲು ಬಿಟ್ಟೆವು, ಆಮೇಲೆ ಕಬ್ಬಿಣ ತೂಗಿ ಗುಡ್ಡೆ ಹಾಕಿದೆವು. ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಗುಂಡಿಯ ಮಾತು ಬಂದಾಗ, "ಎಷ್ಟು ತೂತಿಂದು, ಎರಡೋ ನಾಲ್ಕೋ, ಕೇಳಿ" ಅಂದಳು. ಬರಿ.

ಹದಿನೈದರಂದು ಎಲ್ಲರಿಗೂ ಹೇಳಿದೆ. ಗೊಣಗಪ್ಪ ಪ್ಯಾಟರ್ನಿನ ಹತ್ತಿರ ಬಗ್ಗಿ ಅಂಕಿ ನೋಡಿ, "ಅಕ್ಷರ ಚೆನ್ನಾಗೈತೆ" ಅಂದ. ಆಮೇಲೆ ಹೊರಗೆ ಹೋಗಿ ತುಂಬ ಹೊತ್ತು ಮರಳು ಜರಡಿ ಹಿಡಿದ. ಅವತ್ತು ಜರಡಿ ಹಿಡಿಯುವ ಕೆಲಸವೇ ಇರಲಿಲ್ಲ.

ಪ್ಯಾಟರ್ನನ್ನು ಸುಡಲಿಲ್ಲ. ನಿನ್ನ ಬರಹದ ಸುತ್ತ ಅರಗು ಹಚ್ಚಿ ಹೊಸದಾಗಿ ಬಣ್ಣ ಬಳಿದೆ. ಅಂಗೈಯಗಲ ಬರಿದಾಗಿ ಬಿಟ್ಟಿದ್ದೇನೆ. ಈಗ ತೂಗುವ ಮೊದಲು ಒಬ್ಬರು ಅಂಕಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೇಳಿ ಮರಳಿ ಹೇಳಬೇಕು. ಇವತ್ತು ಗೊಣಗಪ್ಪ ಓದಿದ, ನಾನು ಹೇಳಿದೆ. ಇಪ್ಪತ್ತು. ಅವನು ಇನ್ನೊಂದು ಸಲ ಓದಿದ, ನಾನು ಇನ್ನೊಂದು ಸಲ ಹೇಳಿದೆ.

ನಿನ್ನ ತಮ್ಮನ ಭಾರದ ಪ್ರಶ್ನೆಯನ್ನು ನೀನು ಯಾರಿಗೂ ಕೇಳಬೇಡ. ಇರಲಿ.

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಎರಕ ಆರಿರುತ್ತದೆ. ನಾಳೆ ಎಂಟಕ್ಕೆ ನೂರ ಹದಿನೆಂಟು ಕೆಜಿ ಹೊಯ್ಯುತ್ತೇವೆ. ಬೇಕಾಗಿರುವುದು ಎರಡೇ ಲ್ಯಾಡಲ್. ಗೋಡೆಯಲ್ಲಿರುವ ಐದನ್ನೂ ಬೆಳಿಗ್ಗೆ ಆರಕ್ಕೆ ಬೆಂಕಿಯ ಪಕ್ಕ ಇಡುತ್ತೇನೆ.

ಅಪ್ಪ